ಷರಾ ಕಾಲಂ

ನಲವತ್ತೊಂದು ಪ್ರಶ್ನೆ, ಎಂಟು ಹಾಳೆ,
ಅಡಿಗೊಂದು ರಟ್ಟು, ರಟ್ಟಿಗೆ ದಾರದಲ್ಲಿ ಕಟ್ಟಿದ ಪೆನ್ನು.
ಶಿಡ್ಲಘಟ್ಟದ ಓಣಿಗಳ ಹುಳ ಬೆಂದ ವಾಸನೆಗೆ
ಮೂರನೇ ದಿನಕ್ಕೆ ಮೂಗು ಒಗ್ಗಿತು.
ಒಗ್ಗದೆ ಉಳಿದದ್ದು ಮೊದಲನೇ ಪ್ರಶ್ನೆ:
ನೀವು ಎಂದಾದರೂ ಸೇದಿದ್ದೀರಾ?

ವೆಂಕಟನರಸಮ್ಮ ಮೊರದ ಗೂಡಿನಿಂದ ತಲೆಯೆತ್ತದೆ ಅಂದಳು:
ಸೇದದೆ ಏನು? ಮದುವೆಯಾಗಿ ಬಂದ ಮಾರನೇ ದಿನದಿಂದ
ದಿನಾ ಮೂವತ್ತು ಕೊಡ.
ರಾಟೆ ಕಿರ್ ಅಂದ್ರೆ ಅತ್ತೆ ಎದ್ದಾಳು ಅಂತ
ಎಣ್ಣೆ ಬಿಟ್ಟು ಸೇದ್ತಿದ್ದೆ.
ಈಗ ಬಾವೀನೂ ಇಲ್ಲ, ಹಗ್ಗಾನೂ ಇಲ್ಲ,
ಬಿಟ್ಟು ಇಪ್ಪತ್ತೆರಡು ವರ್ಷ ಆಯ್ತು, ಬರಕೊ.
‘ಸೇದುತ್ತಿದ್ದರು, ಬಿಟ್ಟಿದ್ದಾರೆ’ ಎಂಬ ಚೌಕದ ಮೇಲೆ
ನನ್ನ ಪೆನ್ನು ಸ್ವಲ್ಪ ಹೊತ್ತು ನಿಂತೇ ಇತ್ತು.
ಆ ಸಂಜೆ ಪ್ರಶ್ನೆಗೆ ಬೀಡಿ, ಸಿಗರೇಟು ಸೇರಿದವು.

ನಾರೆಪ್ಪನದು ಬೇರೆ ಲೆಕ್ಕ.
ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ;
ಬಿಸಿನೀರಲ್ಲಿ ನೂಲು ಹುಡುಕಿ ಹುಡುಕಿ ಗೆರೆ ಅಳಿಸಿ
ಬಿದ್ದದ್ದು ಬರೀ ಒಂದು ನೀಲಿ ಮಚ್ಚೆ.
ಎದ್ದ ಎಷ್ಟು ನಿಮಿಷಕ್ಕೆ ಮೊದಲ ಬೀಡಿ?
ಐದರೊಳಗೆ, ಅರ್ಧ ಗಂಟೆಯೊಳಗೆ, ಗಂಟೆಯೊಳಗೆ, ಆಮೇಲೆ.
ಅವನು ಐದನೆಯದೊಂದು ಹೇಳಿದ:
ಬಾಂಡ್ಲಿ ನೀರಿಗೆ ಗುಳ್ಳೆ ಬರೋ ಹೊತ್ತಿಗೆ.
ಯಾವ ಸೌದೆ, ಹಸಿಯೋ ಒಣಗಿದ್ದೋ,
ಕೇಳಲು ಕಾಲಂ ಇರಲಿಲ್ಲ.
ದಿನಕ್ಕೆ ಎಷ್ಟು?
ಹೊಸಿಲಲ್ಲಿ ಹತ್ತನೇ ಕ್ಲಾಸಿನ ಮಗಳು ಪುಸ್ತಕ ಹಿಡಿದು ಕೂತಿದ್ದಳು.
ನಾಕು, ಅಂದ.

ಹದಿನೈದು ದಿನ ಬಿಟ್ಟು ಅದೇ ಮನೆಗೆ
ಅದೇ ಹಾಳೆ, ಅದೇ ಕ್ರಮ, ಅದೇ ದನಿ
(ದನಿ ಏರಬಾರದೆಂದು ನಮಗೆ ತರಬೇತಿ).
ಅದೇ ಉತ್ತರ ಬಂದರೆ ಪ್ರಶ್ನೆ ಗಟ್ಟಿ, ಬಾರದಿದ್ದರೆ ಟೊಳ್ಳು.
ಮೊನ್ನೆ ಬರಕೊಂಡಿದ್ದು ಕಳೆದೋಯ್ತಾ?
ಇಲ್ಲ.
ಮತ್ತೆ, ನಾ ಸುಳ್ಳು ಏಳ್ದೆ ಅಂತಲಾ?
ಅದೂ ಅಲ್ಲ ಅಣ್ಣ, ಪರೀಕ್ಷೆ ನಿಮಗಲ್ಲ, ಪ್ರಶ್ನೆಗೆ.
ಅಂಗಾದ್ರೆ ಪಾಸ್ ಮಾಡಾನ ಬಿಡು, ಎಂದು
ಬೀಡಿ ಹಚ್ಚಿದ. ಮಗಳು ಟ್ಯೂಷನ್ನಿಗೆ ಹೋಗಿದ್ದಳು.
ಒಂದು ಕಟ್ಟು. ಅದ್ರಾಗೆ ಚಾಂದ್ ಪಾಷ ಕಿತ್ಕೊಳೋದು
ಎರಡು ಕಳಕೊ.

ಬಿಡಬೇಕು ಅನ್ನಿಸುತ್ತದೆಯೇ? ಇದು ಹದಿನೇಳನೆಯದು.
ಹೋದ ಸಲ: ತುಂಬಾ.
ಈ ಸಲ ಹೊಗೆಯನ್ನು ಬಾಗಿಲಾಚೆ ಊದಿ ಕೇಳಿದ:
ಈಗಾ?

ಆಮೇಲೆ ತಾನೇ ಅಂದ:
ಗೂಡಿನ ಮಾರ್ಕೆಟ್ಟಿಗೆ ಓಗಿದೀಯಾ?
ಬೆಳಗ್ಗೆ ತೂಗಿದ ಗೂಡು ಮಧ್ಯಾಹ್ನ ತೂಗು, ಕಮ್ಮಿ ಬತ್ತದೆ.
ತಕ್ಕಡಿ ಕದ್ದಿಲ್ಲ, ತಂದೋನೂ ಕದ್ದಿಲ್ಲ.
ಒಳಗೆ ಹುಳ ಐತಲ್ಲ,
ಉಸಿರಾಡ್ತದೆ.

ಕಾಲೇಜಿನ ಪರದೆಯ ಮೇಲೆ ಮುನ್ನೂರ ಹನ್ನೆರಡು ಜನ
ಸೊನ್ನೆ ಪಾಯಿಂಟ್ ಮೂರು ಒಂದು ಆಗಿ ಕೂತಿದ್ದರು.
ಹದಿನೇಳು ನಿಲ್ಲಲ್ಲ, ತೆಗೆದುಬಿಡಿ, ಎಂದರು ಅಮೃತೇಶ್ ಸರ್.
ಕೆಟ್ಟವರಲ್ಲ. ಅಳತೆಗೋಲೇ ಬಳುಕಿದರೆ
ನಾಳೆ ಯಾವ ಎದೆಯನ್ನು ಯಾರು ನಂಬಿ ಅಳೆಯುವುದು?
ನಾನೂ ತಲೆಯಾಡಿಸಿದೆ.
ಎರಡು ಸಲವೂ ಕದಲದೆ ನಿಂತದ್ದು ಇಪ್ಪತ್ತಾರನೆಯದು:
ಹೊಗೆ ಆರೋಗ್ಯಕ್ಕೆ ಕೆಟ್ಟದ್ದೇ?
ಹೌದು, ಹೌದು, ಊರಿಗೆ ಊರೇ ಹೌದು.
ಅಂಥ ಗಟ್ಟಿ ಪ್ರಶ್ನೆ ಇನ್ನೊಂದಿಲ್ಲ;
ಅದಕ್ಕೆ ಉತ್ತರ ಹೇಳುತ್ತಲೇ ಎಷ್ಟೋ ಜನ
ಬೆಂಕಿಪೊಟ್ಟಣಕ್ಕೆ ಜೇಬು ತಡಕುತ್ತಿದ್ದರು.

ಎಂಟನೇ ಹಾಳೆಯ ಕೊನೆಗೆ
ಷರಾ ಅಂತ ಎರಡು ಬೆರಳಗಲ ಜಾಗ.
ಅದಕ್ಕೆ ಅಂಕವಿಲ್ಲ, ಅದನ್ನು ಯಾರೂ ಕಂಪ್ಯೂಟರಿಗೆ ಏರಿಸುವುದಿಲ್ಲ.
ಕಟ್ಟು ಕಟ್ಟಿ ಬೀರುವಿಗೆ ಇಡುವ ಮೊದಲು
ನಾರೆಪ್ಪನ ಎರಡು ಪ್ರತಿ ಹುಡುಕಿ ಜೋಡಿಸಿ ಬರೆದೆ:
ಮೊದಲ ಸಲ ಮಗಳು ಇದ್ದಳು.
ಸೌದೆ ಹುಣಸೆಯದು, ಅರ್ಧ ಹಸಿ.
ಇದು ಮೂರನೇ ಸಲ ಹೋದಾಗ ಕೇಳಿದ್ದು,
ಹಾಳೆ ಒಯ್ದಿರಲಿಲ್ಲ.